ಹೆಸರು ಹೇಳದ ಪ್ರಾರ್ಥನೆ

ಊಟಿಯ ಒಂದು ಹೋಟೆಲಿನಲ್ಲಿ ರೂಮುಗಳ ಉಸ್ತುವಾರಿ ನನ್ನದು. ಹಾಸಿಗೆ ಬಟ್ಟೆ, ಟವೆಲು, ಸೋಪು, ಗುಡಿಸಿ ಒರೆಸುವ ಹೆಂಗಸರು, ಎಲ್ಲ ನನ್ನ ಕೈಕೆಳಗೆ. ಪರಿಶುದ್ಧವಾಗಿ ಬದುಕಬೇಕೆಂದು ಹಟ ಹಿಡಿದ ಕ್ರೈಸ್ತ ಹೆಂಗಸಿಗೆ ಇದಕ್ಕಿಂತ ಕೆಟ್ಟ ಕೆಲಸ ಸಿಗಲಾರದು ಎಂದು ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ. ಸೀಸನ್ ಬಂತೆಂದರೆ ಮುಗಿಯಿತು. ಶನಿವಾರ ಒಬ್ಬಳ ಜೊತೆ ಬಂದವನು ಮುಂದಿನ ಶನಿವಾರ ಇನ್ನೊಬ್ಬಳ ಜೊತೆ ಬರುತ್ತಾನೆ, ನನ್ನನ್ನು ನೋಡಿ ಗುರುತಿನ ನಗೆ ಬೇರೆ ನಗುತ್ತಾನೆ. ಟವೆಲಿನಲ್ಲಿ ಸುತ್ತಿಟ್ಟ ಬಾಟಲಿಗಳು, ಹಾಸಿಗೆಯ ಮೇಲೆ ಸಿಗರೇಟು ಸುಟ್ಟ ತೂತುಗಳು, ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕಿವಿ ಹರಿಯುವ ಹಾಡು. ನಾನು ಮುಖ ಗಂಟಿಕ್ಕಿದರೆ ನಮ್ಮ ಮ್ಯಾನೇಜರೇ ಹೇಳುತ್ತಿದ್ದರು, ‘ಅಕ್ಕಾ, ಅವ್ರು ಜಾಲಿಯಾಗಿ ಇರೋಕೆ ತಾನೆ ಬೆಟ್ಟ ಹತ್ತಿ ಬರೋದು, ನೀವು ಕೊಂಚ ನಗುಮುಖ ಇಟ್ಕೊಳ್ಳಿ’ ಎಂದು.

ಹೊರಗಿನವರನ್ನು ಬಿಡಿ. ನಮ್ಮ ಹಟ್ಟಿಯ ಮದುವೆಗಳಲ್ಲೂ ಈಗ ಅದೇ. ಮುಂದೆ ಊಟದ ಪಂಕ್ತಿ, ಹಾಲ್‌ನ ಹಿಂದೆ ಕಾರಿನ ಡಿಕ್ಕಿ ತೆಗೆದುಕೊಂಡು ಗಂಡಸರ ಪಂಕ್ತಿ. ನಮ್ಮದು ಬಡಗರ ಮನೆತನ. ಮುತ್ತಜ್ಜನ ಕಾಲದಲ್ಲಿ ಕ್ರಿಸ್ತನ ಕಡೆ ಬಂದ ನಾಲ್ಕೈದು ಮನೆಗಳಲ್ಲಿ ಒಂದು. ನಂಟರಿಷ್ಟರೆಲ್ಲ ಹಿಂದೂಗಳೇ. ಅವರ ಮನೆಯ ಮದುವೆಯಲ್ಲಿ ಕುಡಿತ ಕಂಡರೆ ನಾವು ಚರ್ಚಿನ ಸಭೆಯವರು ತಲೆ ಆಡಿಸಿ ಬರುತ್ತಿದ್ದೆವು. ಈಗ ಸಭೆಯವರ ಮನೆ ಮದುವೆಯಲ್ಲೂ ಡಿಕ್ಕಿ ತೆಗೆದೇ ಇರುತ್ತದೆ. ‘ಇದೆಲ್ಲ ಈಗ ಸಹಜ ಮಾಮಿ’ ಎನ್ನುತ್ತಾಳೆ ನನ್ನ ಅಣ್ಣನ ಮಗಳು. ಸಹಜ ಎಂದ ಮಾತ್ರಕ್ಕೆ ಸರಿಯಾಗಿಬಿಡುತ್ತದೆಯೇ ಎಂದು ನಾನು ಅವಳ ಮೇಲೆ ಹಾರಿಬೀಳುತ್ತಿದ್ದೆ. ಈಗಲೂ ಹಾರಿಬೀಳುತ್ತೇನೆ. ಆ ವಿಷಯದಲ್ಲಿ ನಾನೇನೂ ಬದಲಾಗಿಲ್ಲ.

ನನಗೊಂದು ಪಟ್ಟಿ ಇತ್ತು. ಬರೆದಿಟ್ಟದ್ದಲ್ಲ, ತಲೆಯಲ್ಲಿದ್ದದ್ದು. ಸೀರಿಯಲ್ ನೋಡಬಾರದು. ರೂಮಿನಲ್ಲಿ ಅತಿಥಿಗಳು ಬಿಟ್ಟುಹೋದ ಒಂದು ಹೇರ್‌ಪಿನ್ ಕೂಡ ಮನೆಗೆ ತರಬಾರದು. ಗುಡಿಸುವ ಹೆಂಗಸರು ಹೊಲಸು ಜೋಕು ಹೇಳಿದರೆ ಎದ್ದು ಹೋಗಬೇಕು. ಪ್ರತಿ ರೂಮಿನ ಬಾಗಿಲು ತೆಗೆಯುವ ಮೊದಲು ‘ಕರ್ತನೇ, ನನ್ನ ಕಣ್ಣು ಕಾಯಿ’ ಎಂದು ಒಂದು ಮಾತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನನ್ನ ಹೆತ್ತೆ, ಅಂದರೆ ಅಜ್ಜಿ, ಇಟ್ಟುಹೋದ ಕನ್ನಡ ಸತ್ಯವೇದವನ್ನು, ನಮ್ಮ ಬೈಬಲನ್ನು, ಓದುವುದು. ನಮ್ಮ ಆರಾಧನೆ ನಡೆಯುವುದು ತಮಿಳಿನಲ್ಲಿ, ಮನೆಮಾತು ಬಡಗ, ಆದರೆ ಹೆತ್ತೆ ಅಕ್ಷರ ಕಲಿಸಿದ್ದು ಕನ್ನಡದಲ್ಲಿ, ಹಾಗಾಗಿ ದೇವರ ಜೊತೆ ಮಾತು ನನಗೆ ಕನ್ನಡದಲ್ಲೇ ಬರುತ್ತದೆ. ನನ್ನ ಗಂಡ ಕರೆಂಟ್ ಕಂಬ ಹತ್ತಿ ರಿಟೈರ್ ಆದ ಮನುಷ್ಯ, ಬಾಯಿ ಬಿಟ್ಟರೆ ತಮಾಷೆ. ‘ಪರಲೋಕದ ಗೇಟಲ್ಲಿ ವಾಚ್‌ಮನ್ ಕೆಲಸ ಖಾಲಿ ಇದ್ರೆ ನಿನಗೇ ಕೊಡ್ತಾರೆ ಕಣೆ, ನನ್ನ ಮಾತ್ರ ಹಿಂದಿನ ಬಾಗಿಲಲ್ಲಿ ಬಿಟ್ಬಿಡು’ ಎನ್ನುತ್ತಿದ್ದರು. ಅವರ ಮಾತಿಗೆ ನಗದೆ ಇರುವುದೂ ನನ್ನ ಪಟ್ಟಿಯಲ್ಲಿ ಸೇರಿತ್ತು.

ಪಟ್ಟಿಯಲ್ಲಿ ಇಲ್ಲದ್ದೊಂದಿತ್ತು. ನನ್ನ ಕಸುಬಿನ ಹೆಮ್ಮೆ. ಒಂದು ರೂಮಿನೊಳಗೆ ಕಾಲಿಟ್ಟರೆ ಸಾಕು, ರಾತ್ರಿ ಅಲ್ಲಿ ಏನಾಯಿತೆಂದು ನಾನು ಹೇಳಬಲ್ಲೆ. ಗಂಡ ಹೆಂಡತಿ ಜಗಳವಾಡಿದರೋ, ಮಗುವಿಗೆ ವಾಂತಿಯಾಯಿತೋ, ಮುದುಕರಿಗೆ ಚಳಿಯಲ್ಲಿ ನಿದ್ದೆ ಬರಲಿಲ್ಲವೋ, ದುಪ್ಪಟಿ, ದಿಂಬು, ಲೋಟ ನೋಡಿಯೇ ಗೊತ್ತಾಗುತ್ತದೆ. ಗುಡಿಸುವ ಹೆಂಗಸರು ‘ಅಕ್ಕ ಹಾಸಿಗೆ ನೋಡಿ ಜಾತಕ ಹೇಳ್ತಾರೆ’ ಎಂದು ನಗುತ್ತಿದ್ದರು. ಆ ಮಾತು ಕೇಳಿದಾಗ ನನಗೆ ಒಳಗೊಳಗೇ ಖುಷಿ. ಕಣ್ಣು ಕಾಯಿ ಎಂದು ಬೇಡಿಕೊಂಡು ಒಳಗೆ ಹೋಗಿ ಮೂಲೆಮೂಲೆ ಓದಿ ಬರುತ್ತಿದ್ದವಳು ನಾನು.

ಹೋಟೆಲಿನ ಮುಂದಿನ ಮೇಜಿನಲ್ಲಿ, ಬಂದವರ ಹೆಸರು ಬರೆದುಕೊಂಡು ಬೀಗದ ಕೈ ಕೊಡುವ ಕೆಲಸಕ್ಕೆ, ನಮ್ಮ ಸಭೆಯದೇ ಒಬ್ಬ ಹುಡುಗಿ ಇದ್ದಳು. ಇಪ್ಪತ್ತಾರು ವರ್ಷ. ತಂದೆ ಇಲ್ಲ, ತಾಯಿ ಅರ್ಧ ಎಕರೆ ಟೀ ತೋಟದ ಎಲೆ ಕಿತ್ತು ಇವಳನ್ನು ಓದಿಸಿದವಳು. ಹುಡುಗಿ ಚುರುಕು, ನಾಲ್ಕು ಭಾಷೆ ಸಲೀಸು, ನಗು ಜಾಸ್ತಿ. ತುಟಿಗೆ ಬಣ್ಣ ಹಚ್ಚುತ್ತಿದ್ದಳು. ಕೆಲಸಕ್ಕೆ ಹಾಗೆ ಇರಬೇಕೆಂದು ಹೋಟೆಲಿನವರ ನಿಯಮ, ನನಗೆ ಗೊತ್ತಿತ್ತು, ಆದರೂ ಭಾನುವಾರ ಆ ತುಟಿಯ ಅಂಚಿನಲ್ಲಿ ಉಳಿದ ಕೆಂಪನ್ನು ನಾನು ಹುಡುಕಿ ನೋಡುತ್ತಿದ್ದೆ. ಅವಳಿಗೆ ಕೂನೂರಿನ ಕಡೆಯ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಅವನು ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವುದರಿಂದ ಹಿಡಿದು ಪುಡಿಯಾಗುವವರೆಗೆ ನೋಡಿಕೊಳ್ಳುವ ಟೀ ಮೇಕರ್. ಅವರದೂ ಕ್ರೈಸ್ತ ಮನೆತನ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ಇದಕ್ಕೆ ತಡೆ ಏನಾದರೂ ಯಾರಿಗಾದರೂ ಗೊತ್ತಿದ್ದರೆ ಎದ್ದು ತಿಳಿಸಬೇಕು ಎಂದು ಸಭಾಪಾಲಕರು ಕೇಳಿ ಒಂದು ಕ್ಷಣ ನಿಲ್ಲಿಸುತ್ತಾರೆ. ಆ ಕ್ಷಣದಲ್ಲಿ ಯಾರಾದರೂ ಎದ್ದದ್ದನ್ನು ನಾನು ಕಂಡಿರಲಿಲ್ಲ. ಮಕ್ಕಳು ಕಿಸಿಕಿಸಿ ನಗುತ್ತವೆ, ಮದುಮಗಳು ತಲೆ ತಗ್ಗಿಸುತ್ತಾಳೆ, ಅಷ್ಟೇ. ಮೊದಲ ಭಾನುವಾರದ ಪ್ರಕಟಣೆ ಹಾಗೆಯೇ ಆಯಿತು. ಹುಡುಗಿಯ ತಾಯಿ ಅಳು ತಡೆಯಲಾಗದೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆ ವಾರದ ಬುಧವಾರ ಬೆಳಿಗ್ಗೆ ಆರಕ್ಕೆ ನಾನು ಕೆಲಸಕ್ಕೆ ಬಂದೆ. ಮಂಜು ಹೊಗೆಯಂತೆ ಕಾರಿಡಾರಿನೊಳಗೂ ನುಗ್ಗಿತ್ತು. ಮೊದಲ ಮಹಡಿಯ ಕೊನೆಯ ರೂಮಿನ ಬಾಗಿಲು ತೆರೆಯಿತು, ಈ ಹುಡುಗಿ ಹೊರಗೆ ಬಂದಳು. ಅವಳಿಗೆ ಆ ರಾತ್ರಿ ಡ್ಯೂಟಿ. ಇರಬೇಕಾದ್ದು ಕೆಳಗೆ ಮೇಜಿನ ಹತ್ತಿರ. ಕೂದಲು ಬಿಚ್ಚಿತ್ತು, ಕೋಟು ಕೈಯಲ್ಲಿತ್ತು, ಮುಖ ಊದಿಕೊಂಡಿತ್ತು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ನನ್ನನ್ನು ನೋಡದೆಯೇ ಮೆಟ್ಟಿಲಿಳಿದು ಹೋದಳು.

ನಾನು ಕರೆಯಬಹುದಿತ್ತು. ‘ಏನಮ್ಮಾ, ಇಷ್ಟು ಹೊತ್ತಿಗೆ ಇಲ್ಲೇನು?’ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಹತ್ತೂವರೆಗೆ ಆ ರೂಮು ಖಾಲಿಯಾದ ಮೇಲೆ ನಾನೇ ಒಳಗೆ ಹೋದೆ. ಗುಡಿಸುವವಳನ್ನು ಬೇರೆ ರೂಮಿಗೆ ಕಳಿಸಿದೆ. ಟೀ ಕುಡಿದ ಎರಡು ಲೋಟ. ಒಂದು ದಿಂಬು ನೆಲದ ಮೇಲೆ. ದುಪ್ಪಟಿ ಮುದ್ದೆ. ಅಷ್ಟು ಸಾಕಾಯಿತು ನನಗೆ. ಜಾತಕ ಬರೆದು ಮುಗಿಸಿಬಿಟ್ಟೆ.

ಎರಡು ದಿನ ಅದನ್ನು ನನ್ನೊಳಗೇ ಇಟ್ಟುಕೊಂಡೆ. ಬರೀ ಕೋಪವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಹುಡುಗಿಯ ತಾಯಿಯ ಮುಖ ನೆನೆದು ಸಂಕಟವೂ ಆಗಿತ್ತು. ಆದರೆ ಅದರ ಜೊತೆಗೇ ಒಂದು ಚಪಲ. ನನಗೆ ಗೊತ್ತಿದೆ, ಬೇರೆ ಯಾರಿಗೂ ಗೊತ್ತಿಲ್ಲ ಎಂಬ ಚಪಲ. ಅದನ್ನು ಯಾರ ಕಿವಿಗಾದರೂ ಹಾಕದೆ ನಿದ್ದೆ ಬರುವುದಿಲ್ಲ. ಆದರೆ ಚಾಡಿ ಹೇಳುವುದು ಪಾಪ, ಪಟ್ಟಿಯಲ್ಲಿ ಬಹಳ ಮೇಲಿರುವ ಪಾಪ. ಚಾಡಿ ಹೇಳದೆ ಹೇಳಿಬಿಡಲು ನಮ್ಮಂಥವರಿಗೆ ಒಂದೇ ಒಂದು ದಾರಿ ಇದೆ. ಶುಕ್ರವಾರದ ಪ್ರಾರ್ಥನೆ.

ಪ್ರತಿ ಶುಕ್ರವಾರ ಸಂಜೆ ನಾವು ಏಳು ಮಂದಿ ಹೆಂಗಸರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ನಡೆಸುವವರು ರಿಟೈರಾದ ಒಬ್ಬ ಟೀಚರಕ್ಕ. ಒಂದು ಹಾಡು, ವೇದದ ಒಂದು ಭಾಗ, ಆಮೇಲೆ ‘ಯಾರಿಗೆ ಏನು ಪ್ರಾರ್ಥನೆಯ ವಿಷಯ ಇದೆ, ಹೇಳಿ’ ಎನ್ನುತ್ತಾರೆ. ಮೊಣಕಾಲು ನೋವು, ಮಗನ ವೀಸಾ, ಸೊಸೆಯ ಬಸಿರು, ಒಬ್ಬೊಬ್ಬರದೂ ಒಂದೊಂದು. ನನ್ನ ಸರದಿ ಬಂತು. ನಾನು ಕಣ್ಣು ತಗ್ಗಿಸಿ, ದನಿ ತಗ್ಗಿಸಿ ಹೇಳಿದೆ:

‘ಹೆಸರು ಬೇಡ ಅಕ್ಕಾ. ನಮ್ಮ ಸಭೇದೇ ಒಂದು ಹೆಣ್ಣು. ಮದ್ವೆ ನಿಶ್ಚಯ ಆಗಿದೆ. ಕೆಲಸದ ಜಾಗದಲ್ಲಿ ಶೋಧನೆಗೆ, ಸೈತಾನನ ಸೆಳೆತಕ್ಕೆ, ಬಿದ್ದುಬಿಟ್ಟಿದೆ. ಬೆಳಗಾತ ಆರು ಗಂಟೆಗೆ ಒಂದು ರೂಮಿಂದ ಹೊರಗೆ ಬಂದದ್ದನ್ನ ನಾನೇ ಕಣ್ಣಾರೆ ಕಂಡೆ. ಅವಳಿಗಾಗಿ ಭಾರ ಹೊತ್ತು ಪ್ರಾರ್ಥಿಸ್ಬೇಕು.’

ಹೆಸರು ಹೇಳಲಿಲ್ಲವಂತೆ ನಾನು! ಸಭೆಯಲ್ಲಿ ಮದುವೆ ಪ್ರಕಟಣೆ ಆಗಿದ್ದದ್ದು ಒಬ್ಬಳದೇ. ನನ್ನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗಿಯೂ ಅವಳೊಬ್ಬಳೇ. ಏಳೂ ಬಾಯಿಗಳಿಂದ ಒಟ್ಟಿಗೆ ‘ಸ್ತೋತ್ರ, ಸ್ತೋತ್ರ’ ಎಂಬ ನಿಟ್ಟುಸಿರು ಬಂತು. ಎಲ್ಲರೂ ಕಣ್ಣು ಮುಚ್ಚಿದೆವು. ಒಬ್ಬಳು ‘ಆ ಮಗಳನ್ನು ಕೆಸರಿನಿಂದ ಎತ್ತು ಕರ್ತನೇ’ ಎಂದಳು. ಇನ್ನೊಬ್ಬಳು ‘ಮೋಸ ಹೋಗುತ್ತಿರುವ ಆ ಮದುಮಗನ ಕಣ್ಣು ತೆರೆ’ ಎಂದಳು. ಮೂರನೆಯವಳು, ಬಲು ಮೃದು ಮನಸ್ಸಿನವಳು, ‘ಆ ರೂಮಿನಲ್ಲಿದ್ದ ಗಂಡಸನ್ನೂ ಕ್ಷಮಿಸು ತಂದೆಯೇ’ ಎಂದಳು.

ಗಂಡಸು! ನಾನು ಯಾವ ಗಂಡಸನ್ನೂ ನೋಡಿರಲಿಲ್ಲ. ಹೇಳಿಯೂ ಇರಲಿಲ್ಲ. ಅವನು ಹುಟ್ಟಿದ್ದೇ ನಮ್ಮ ಪ್ರಾರ್ಥನೆಯಲ್ಲಿ, ನಮ್ಮ ಟೀಚರಕ್ಕನ ಹಜಾರದಲ್ಲಿ, ಮುಚ್ಚಿದ ಏಳು ಜೊತೆ ಕಣ್ಣುಗಳ ಮುಂದೆ. ನನಗೆ ಆಗಲೇ ಚುರುಕ್ಕೆಂದಿತು. ಕಣ್ಣು ಬಿಟ್ಟು ‘ಇಲ್ಲ, ನಾನು ಹಾಗೆ ಹೇಳಲಿಲ್ಲ’ ಎನ್ನಬೇಕಿತ್ತು. ಪ್ರಾರ್ಥನೆಯ ನಡುವೆ ಮಾತಾಡುವುದು ಸರಿಯಲ್ಲ ಎಂದು ಸುಮ್ಮನಿದ್ದೆ. ಕೊನೆಗೆ ಎಲ್ಲರ ಜೊತೆ ಗಟ್ಟಿಯಾಗಿ ಆಮೆನ್ ಎಂದೆ.

ಎರಡನೆಯ ಭಾನುವಾರ ಸಭಾಪಾಲಕರು ಪ್ರಕಟಣೆಗಳನ್ನು ಓದಿದರು. ಸುಗ್ಗಿ ಹಬ್ಬಕ್ಕೆ ಕಾಣಿಕೆ ತರುವ ಸಂಗತಿ, ಸಂಡೇ ಸ್ಕೂಲ್ ಮಕ್ಕಳ ಸಂಗತಿ, ಬಳಿಕ ಹಾಡಿನ ನಂಬರು. ಮದುವೆಯ ಪ್ರಕಟಣೆ ಬರಲೇ ಇಲ್ಲ. ಮೂರನೆಯ ಬೆಂಚಿನಲ್ಲಿ ಹುಡುಗಿ ತಲೆ ತಗ್ಗಿಸಿಕೊಂಡು ಕಾಯುತ್ತಿದ್ದಳು. ಎಲ್ಲರೂ ಹಾಡಲು ಎದ್ದು ನಿಂತರೂ ಅವಳು ಕೂತೇ ಇದ್ದಳು. ಹಾಡು ಮುಗಿಯುವವರೆಗೂ ಅವಳ ತಾಯಿ ಸಭಾಪಾಲಕರ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ಗೊತ್ತಾಯಿತು, ಹುಡುಗನ ತಾಯಿ ಶನಿವಾರವೇ ಫೋನ್ ಮಾಡಿ ಸದ್ಯಕ್ಕೆ ಪ್ರಕಟಣೆ ನಿಲ್ಲಿಸಿ ಎಂದಿದ್ದರಂತೆ. ನಮ್ಮ ಏಳು ಜನರಲ್ಲಿ ಒಬ್ಬಳ ತಂಗಿ ಕೂನೂರಿನಲ್ಲಿ ಇದ್ದಾಳೆ. ಅಲ್ಲಿಯ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಾರ್ಥನೆಯ ವಿಷಯವೆಂದೇ ಅದು ಹೋಗಿತ್ತು, ಕೈಮುಗಿದ ಚಿತ್ರ ಮೂರು ಸೇರಿಸಿ.

ಸೋಮವಾರ ನಾನು ಬಟ್ಟೆ ಜೋಡಿಸುವ ಕೋಣೆಯಲ್ಲಿದ್ದೆ. ಹುಡುಗಿ ಬಂದು ಬಾಗಿಲು ಹಾಕಿಕೊಂಡಳು. ತುಟಿಗೆ ಬಣ್ಣವಿರಲಿಲ್ಲ.

‘ಮಾಮಿ, ನಿಮ್ಮಿಂದ ಅಂತ ಹೇಳ್ತಿದ್ದಾರೆ.’

ನನ್ನ ಬಾಯಿಂದ ಮೊದಲು ಬಂದದ್ದೇನು ಗೊತ್ತೇ? ‘ನಾ ಹೆಸ್ರು ಹೇಳ್ಲಿಲ್ಲ.’

ಅವಳು ನಕ್ಕುಬಿಟ್ಟಳು. ಅವಳ ಆ ನಗುವಿಗಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು. ‘ಹೆಸ್ರು ಹೇಳ್ಲಿಲ್ಲ, ಸರಿ. ನನ್ನ ಕೇಳಿದ್ದಿದ್ರೆ ಆಗ್ತಿರ್ಲಿಲ್ವಾ? ಹದಿನೆಂಟು ಮೆಟ್ಲು ಕೆಳಗೆ ಇದ್ದೆ ನಾನು. ಹದಿನೆಂಟು ಮೆಟ್ಲು ಇಳಿಯೋಕೆ ಆಗದವರು ನೇರ ದೇವರ ಹತ್ರ ಹೋಗ್ಬಿಟ್ರಾ?’

ಕೈಯಲ್ಲಿದ್ದ ದುಪ್ಪಟಿಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಕೊನೆಗೆ ಹೇಳಿದೆ, ‘ಈಗ ಹೇಳು ಮಗಾ, ಅವತ್ತು ಏನಾಯ್ತು ಅಂತ. ನಾನೇ ಎಲ್ಲರ ಮನೆಗೂ ಹೋಗಿ ಹೇಳಿ ಸರಿಮಾಡ್ತೀನಿ.’

‘ಹೇಳೋಕಾಗಲ್ಲ. ಅದು ನನ್ನ ವಿಷಯ ಅಲ್ಲ ಮಾಮಿ, ಇನ್ನೊಬ್ಬರದು. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ.’ ಬಾಗಿಲು ತೆಗೆದು ತಿರುಗಿ ನೋಡಿದಳು. ‘ಹೇಳಿದ್ರೂ ಏನು, ಅದೂ ಶುಕ್ರವಾರಕ್ಕೆ ಹೋಗ್ತದೆ.’

ಅವಳು ಹೋದ ಮೇಲೆ ನಾನು ನೆಲದ ಮೇಲೆ, ಒಗೆಯುವ ಬಟ್ಟೆಯ ಗಂಟಿಗೆ ಒರಗಿ ಕೂತು ಅತ್ತೆ. ನಾಚಿಕೆಯಿಂದ ಅತ್ತೆ. ಹತ್ತೊಂಬತ್ತು ವರ್ಷ ಈ ಹೋಟೆಲಿನ ಕೊಳಕು ನನಗೆ ತಾಗಬಾರದೆಂದು ಸೆರಗು ಬಿಗಿಹಿಡಿದು ನಡೆದವಳು ನಾನು. ಕುಡಿದವರು ಯಾರ ಮದುವೆಯನ್ನೂ ಕೆಡಿಸಿರಲಿಲ್ಲ. ಬೆಂಕಿ ಹಾಕಿಕೊಂಡು ಕುಣಿದವರು ಯಾವ ತಾಯಿಯನ್ನೂ ಸಭೆಯ ನಡುವೆ ಹಾಗೆ ಕೂರಿಸಿರಲಿಲ್ಲ. ಅದನ್ನು ಮಾಡಿದ್ದು ಮೊಣಕಾಲೂರಿದ ನಾನು.

ಸಂಜೆ ಸಭಾಪಾಲಕರ ಮನೆಗೆ ಹೋದೆ. ಅವರು ಒಳ್ಳೆಯವರು, ಜಗಳ ಕಂಡರಾಗದವರು. ‘ದೇವರ ಹತ್ರ ತಪ್ಪೊಪ್ಪಿಕೊಂಡ್ರಲ್ಲಮ್ಮಾ, ಅಷ್ಟು ಸಾಕು. ಈಗ ಬಾಯಿ ಬಿಟ್ರೆ ಗೊತ್ತಿಲ್ಲದವರಿಗೂ ಗೊತ್ತಾಗ್ತದೆ. ಸುಮ್ಮನಿದ್ದುಬಿಡಿ, ತಾನಾಗಿ ಆರಿಹೋಗ್ಲಿ’ ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಅದರಿಂದಲೇ ಅನುಮಾನ ಬಂತು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ‘ನೀ ದೇವರಿಗೆ ಹೇಳಿದ್ದು ಕೂನೂರಿಗೆ ಮುಟ್ಟಿತಲ್ಲ. ಕೂನೂರಿಗೆ ಹೋಗಿ ಹೇಳು, ದೇವರಿಗೂ ಮುಟ್ತದೆ’ ಎಂದಷ್ಟೇ ಹೇಳಿ ಟಾರ್ಚಿಗೆ ಸೆಲ್ ಹಾಕತೊಡಗಿದರು.

ಮರುದಿನ ರಜೆ ಹಾಕಿ ಕೂನೂರಿನ ಬಸ್ ಹತ್ತಿದೆ. ಹುಡುಗನ ಮನೆ ಟೀ ತೋಟದ ನಡುವೆ, ಬಸ್ಸಿಳಿದು ಹತ್ತು ನಿಮಿಷ ಇಳಿಜಾರು. ತಾಯಿ ಅಂಗಳದಲ್ಲಿ ಎಲೆ ಗೋಣಿಗೆ ತುಂಬುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು, ಗಟ್ಟಿ ಹೆಂಗಸು. ನಾನು ಯಾರೆಂದು ಹೇಳಿದ ಕೂಡಲೇ ಕೈ ಒರೆಸಿಕೊಂಡರು. ಒಳಗೆ ಕರೆಯಲಿಲ್ಲ.

‘ಒಂದೇ ಮಾತು ಕೇಳ್ತೀನಿ’ ಎಂದರು. ‘ನೀ ಕಂಡದ್ದು ನಿಜವಾ, ಸುಳ್ಳಾ?’

ಬಸ್ಸಿನಲ್ಲಿ ನಾನು ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ, ಇದೊಂದನ್ನು ಬಿಟ್ಟು. ಸುಳ್ಳು ಎಂದುಬಿಟ್ಟರೆ ಮುಗಿಯಿತು. ನಾನು ನೋಡಲೇ ಇಲ್ಲ, ಹೊಟ್ಟೆಕಿಚ್ಚಿಗೆ ಕಟ್ಟಿ ಹೇಳಿದೆ ಎಂದರೆ ಮದುವೆ ಉಳಿಯುತ್ತದೆ. ನಾಲಿಗೆಯ ತುದಿವರೆಗೂ ಬಂತು. ಒಂದು ಸುಳ್ಳಿನಿಂದ ಒಂದು ಹುಡುಗಿಯ ಬಾಳು ಸರಿಯಾಗುವುದಾದರೆ ಆ ಪಾಪವನ್ನೂ ಹೊತ್ತುಬಿಡೋಣವೆನಿಸಿತು. ಆದರೆ ಆ ಹುಡುಗಿ ನನ್ನ ಮುಂದೆ ಸುಳ್ಳು ಹೇಳಿರಲಿಲ್ಲ. ರೂಮಿಗೆ ಹೋಗಲೇ ಇಲ್ಲ ಎಂದಿರಲಿಲ್ಲ. ಹೇಳೋಕಾಗಲ್ಲ ಎಂದಿದ್ದಳು, ಅಷ್ಟೇ. ಅವಳು ಆಡದ ಸುಳ್ಳನ್ನು ಅವಳಿಗಾಗಿ ನಾನು ಆಡುವುದೇ?

‘ಅವಳು ಬಾಗಿಲಿಂದ ಹೊರಗೆ ಬಂದದ್ದು ನಿಜ ಅಕ್ಕಾ’ ಎಂದೆ. ‘ನಾ ಕಂಡದ್ದು ಒಂದು ಬಾಗಿಲು. ಒಳಗೆ ಯಾರಿದ್ರು, ಏನಾಯ್ತು, ಒಂದೂ ಗೊತ್ತಿಲ್ಲ. ಉಳಿದದ್ದೆಲ್ಲ ನನ್ನ ಹೊಟ್ಟೆಯೊಳಗಿನ ಕೊಳಕು.’

‘ಬಾಗಿಲು ನಿಜ ತಾನೆ?’

‘ಬಾಗಿಲು ನಿಜ.’

ಅಷ್ಟರಲ್ಲಿ ಹುಡುಗನೇ ಬಂದ. ರಾತ್ರಿ ಶಿಫ್ಟ್ ಮುಗಿಸಿ ಮಲಗಿದ್ದವನು ಮಾತು ಕೇಳಿ ಎದ್ದು ಬಂದಿದ್ದ. ಬನಿಯನ್ನಿನಲ್ಲೇ ಹೊಸ್ತಿಲ ಮೇಲೆ ನಿಂತು ತಾಯಿಗೆ ಹೇಳಿದ, ‘ಅವ್ವೆ, ನಾ ಅವಳನ್ನ ಕೇಳಿದ್ದೀನಿ. ಹೇಳೋಕಾಗಲ್ಲ, ನನ್ನ ನಂಬ್ತೀಯಾ ಅಂದ್ಲು. ನಂಬ್ತೀನಿ ಅಂದೆ. ಇದರಲ್ಲಿ ಇನ್ನೇನು ಉಳೀತು?’

‘ನಿನಗೆ ಉಳಿದಿಲ್ಲ. ಊರಿಗೆ ಉಳಿದಿದೆ’ ಎಂದರು ತಾಯಿ. ನನ್ನ ಕಡೆ ತಿರುಗಿದರು. ‘ನೋಡಮ್ಮಾ. ನನ್ನ ಅಂಗಳದಲ್ಲಿ ನಿಂತು ಅತ್ರೆ ನನಗೇನು ಬಂತು? ನಾಲ್ಕು ಗೋಡೆ ಒಳಗೆ ಹೇಳಿದ್ದು ನನ್ನ ಮನೆವರೆಗೆ ಬಂತು. ಈಗ ನಿಮ್ಮ ಸಭೇಲಿ ಎಲ್ಲರ ಮುಂದೆ ಹೇಳು. ಅದೂ ಬರ್ಲಿ. ನಿಮ್ಮ ಸಭೆಯ ಅಯ್ಯನವರಿಗೆ ನಾನೇ ಫೋನ್ ಮಾಡ್ತೀನಿ, ಈ ಭಾನುವಾರ ಪ್ರಕಟಣೆ ಓದ್ಲಿ. ನಾನೂ ಬಂದು ಕೂತ್ಕೋತೀನಿ. ನೀ ಎದ್ರೆ ಮದ್ವೆ. ಏಳದಿದ್ರೆ ಬೇರೆ ಹೆಣ್ಣು ನೋಡ್ತೀನಿ.’

‘ಅವ್ವೆ!’ ಎಂದ ಹುಡುಗ. ಅವರು ಅವನ ಕಡೆ ನೋಡಲಿಲ್ಲ. ಗೋಣಿಯ ಬಾಯಿ ಕಟ್ಟಿದರು.

ಆ ನಾಲ್ಕು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಶುಕ್ರವಾರ ಟೀಚರಕ್ಕನೇ ಮನೆಗೆ ಬಂದರು. ‘ಎದ್ದು ನಿಂತ್ರೆ ನಮ್ಮ ಪ್ರಾರ್ಥನೆ ಗುಂಪಿನ ಮಾನ ಹೋಗ್ತದೆ, ಯೋಚನೆ ಮಾಡು’ ಎಂದರು. ನನ್ನ ಮಾನದ ಬಗ್ಗೆ ಅವರಿಗಿಂತ ಹೆಚ್ಚಾಗಿ ನಾನೇ ಯೋಚಿಸುತ್ತಿದ್ದೆ. ಊಟಿಯಂಥ ಊರಿನಲ್ಲಿ, ನಮ್ಮಂಥ ಸಣ್ಣ ಸಭೆಯಲ್ಲಿ, ‘ಅವಳು ಪರಿಶುದ್ಧವಾಗಿ ನಡೆಯುವವಳು’ ಎಂಬ ಹೆಸರು ಬಿಟ್ಟರೆ ನನ್ನ ಬಳಿ ಇನ್ನೇನಿತ್ತು? ಮನೆ ಬಾಡಿಗೆಯದು, ಮಕ್ಕಳಾಗಲಿಲ್ಲ, ಕೆಲಸ ಬೇರೆಯವರ ಹಾಸಿಗೆ ಒದರುವುದು. ಆ ಹೆಸರನ್ನೇ ನಾನು ಇಷ್ಟು ವರ್ಷ ದೇವರಿಗಾಗಿ ಎಂದುಕೊಂಡು ನನಗಾಗಿ ಸಾಕಿದ್ದೆ ಎನ್ನುವುದು ಆ ವಾರ ಚೆನ್ನಾಗಿ ಕಂಡಿತು.

ಭಾನುವಾರ ಮಳೆ ಹನಿಯುತ್ತಿತ್ತು. ಕೂನೂರಿನ ತಾಯಿ ಹೇಳಿದ ಹಾಗೆಯೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹುಡುಗಿಗೂ ಅವಳ ತಾಯಿಗೂ ಪ್ರಕಟಣೆ ಓದುತ್ತಾರೆಂದು ಮಾತ್ರ ಗೊತ್ತಿತ್ತು. ಸಭಾಪಾಲಕರು ಎರಡು ಹೆಸರು ಓದಿದರು, ಎರಡನೆಯ ಸಲದ ಪ್ರಕಟಣೆ ಎಂದರು, ತಡೆ ಇದ್ದವರು ತಿಳಿಸಬೇಕು ಎಂದರು. ನಿಲ್ಲಿಸಿದರು. ನಾನು ಬೆಂಚಿನ ಅಂಚು ಹಿಡಿದು ಕೂತೇ ಇದ್ದೆ. ಪಕ್ಕದಲ್ಲಿದ್ದ ಗಂಡ ನನ್ನ ಮೊಣಕೈಗೆ ಕೈಯಿಟ್ಟು ಮೇಲಕ್ಕೆ ತಳ್ಳಿದರು. ಎದ್ದೆ.

ಇಡೀ ಸಭೆ ತಿರುಗಿತು. ಹುಡುಗಿಯ ತಾಯಿ ‘ಅಯ್ಯೋ ಕರ್ತನೇ’ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ತಡೆ ಹೇಳಲು ಎದ್ದೆನೆಂದೇ ಅವಳು ತಿಳಿದಳು. ನಾನು ಅವಳ ಕಡೆಗೇ ತಿರುಗಿದೆ.

‘ತಡೆ ಇಲ್ಲ’ ಎಂದೆ ಮೊದಲು, ಅವಳಿಗಾಗಿ. ಆಮೇಲೆ ಉಳಿದದ್ದು. ‘ಈ ಮಗಳ ಬಗ್ಗೆ ಒಂದು ಮಾತು ಹರಿದಾಡ್ತಾ ಇದೆ. ಕೇಳಿದವರು ಬಹಳ ಮಂದಿ ಇದ್ದೀರಿ. ಅದು ಹೊರಟದ್ದು ನನ್ನ ಬಾಯಿಂದ. ಅವಳು ಒಂದು ಬಾಗಿಲಿಂದ ಹೊರಗೆ ಬಂದದ್ದನ್ನ ಕಂಡೆ. ಅಷ್ಟೇ ಕಂಡದ್ದು. ಗಂಡಸು ಅಂತ ಯಾರನ್ನೂ ನಾ ನೋಡ್ಲಿಲ್ಲ. ಅವಳನ್ನ ಒಂದು ಮಾತು ಕೇಳ್ಲಿಲ್ಲ. ಗೊತ್ತಿಲ್ಲದ್ದನ್ನ ಪ್ರಾರ್ಥನೆ ಅಂತ ಹೇಳಿ ಅವಳ ಮಾನ ತೆಗೆದೆ. ತಪ್ಪು ಮಾಡಿದವಳು ಅವಳಲ್ಲ, ನಾನು. ಎಲ್ಲರ ಮುಂದೆ ಅವಳ ಹತ್ರ ಕ್ಷಮೆ ಕೇಳ್ತೀನಿ.’

ಸಭಾಪಾಲಕರು ಕೈಯಲ್ಲಿದ್ದ ಕಾಗದವನ್ನು ಅತ್ತ ಇತ್ತ ತಿರುಗಿಸುತ್ತಿದ್ದರು, ಇಂಥದ್ದಕ್ಕೆ ಏನು ಹೇಳಬೇಕೆಂದು ಆ ಕಾಗದದಲ್ಲಿ ಬರೆದಿರಲಿಲ್ಲ. ಆಗ ಹಿಂದಿನ ಬೆಂಚಿನಿಂದ ಗಟ್ಟಿ ದನಿ ಬಂತು.

‘ತಡೆ ಇಲ್ಲ ಅಂದ್ರಲ್ಲ ಅಯ್ಯಾ. ಮುಂದೆ ನಡೆಸಿ.’

ಅವರು ಮುಂದೆ ನಡೆಸಿದರು. ಹೊರಗೆ ಬಂದಾಗ ಪ್ರಾರ್ಥನೆ ಗುಂಪಿನ ಮೂವರು ನನ್ನನ್ನು ನೋಡದವರಂತೆ ಛತ್ರಿ ಬಿಡಿಸಿಕೊಂಡು ಹೋದರು. ‘ಆ ಗಂಡಸನ್ನೂ ಕ್ಷಮಿಸು’ ಎಂದು ಪ್ರಾರ್ಥಿಸಿದ್ದವಳು ಮಾತ್ರ ಬಂದು ನನ್ನ ಕೈ ಹಿಡಿದು ಗಳಗಳ ಅತ್ತಳು. ಹುಡುಗಿಯ ತಾಯಿ ನನ್ನ ಹತ್ತಿರ ಬರಲಿಲ್ಲ. ಬರಬೇಕೆಂದು ನಾನು ಬಯಸಲೂ ಇಲ್ಲ. ಶುಕ್ರವಾರಗಳಿಗೆ ನಾನು ಈಗಲೂ ಹೋಗುತ್ತೇನೆ. ವಿಷಯ ಏನೆಂದು ಕೇಳಿದರೆ ನನ್ನದೇ ಹೇಳಿಕೊಳ್ಳುತ್ತೇನೆ, ಅದು ಬೇಕಾದಷ್ಟಿದೆ. ಸೀರಿಯಲ್ ಈಗಲೂ ನೋಡುವುದಿಲ್ಲ. ಮದುವೆಮನೆಯಲ್ಲಿ ಡಿಕ್ಕಿ ತೆಗೆದವರಿಗೆ ಈಗಲೂ ಬೈಯುತ್ತೇನೆ, ಆದರೆ ಅವರ ಮುಖಕ್ಕೇ ಬೈಯುತ್ತೇನೆ.

ಮೂರನೆಯ ಪ್ರಕಟಣೆಯೂ ಆಗಿ, ಮದುವೆಗೆ ಒಂದು ವಾರವಿರುವಾಗ ಹುಡುಗಿ ಬಟ್ಟೆ ಕೋಣೆಗೆ ಬಂದಳು. ಆ ಭಾನುವಾರದಿಂದ ನಾವು ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಮದುವೆಯ ಕಾರ್ಡು ಕೈಗಿಟ್ಟಳು. ನಾನು ಕಣ್ಣಿಗೊತ್ತಿಕೊಂಡೆ. ಅವಳು ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಟವೆಲುಗಳ ಪಕ್ಕ ಸ್ಟೂಲಿನ ಮೇಲೆ ಕೂತಳು.

‘ಮಾಮಿ, ಅವತ್ತಿನ ರೂಮಿನ ವಿಷಯ. ಅಲ್ಲಿದ್ದವರಿಗೆ ಫೋನ್ ಮಾಡಿ ಎಲ್ಲ ಹೇಳ್ದೆ. ಪಾಪ, ತುಂಬ ಬೇಜಾರು ಮಾಡ್ಕೊಂಡ್ರು. ನಿಮಗೊಬ್ಬರಿಗೆ ಹೇಳ್ಬೋದು ಅಂದಿದ್ದಾರೆ. ನನಗೂ ಹೇಳಿಬಿಡ್ಬೇಕು ಅನ್ನಿಸ್ತಿದೆ. ಹೇಳ್ಲಾ?’

ನನ್ನ ಇಡೀ ಮೈ ಕಿವಿಯಾಯಿತು. ಎಷ್ಟು ದಿನದಿಂದ ನಾನು ಆ ಎರಡು ಲೋಟ, ನೆಲದ ಮೇಲಿನ ಆ ದಿಂಬು, ಇವುಗಳನ್ನು ತಲೆಯಲ್ಲಿ ತಿರುಗಿಸಿ ಮುರುಗಿಸಿ ನೋಡಿದ್ದೆನೋ. ಅವಳು ನಿರಪರಾಧಿ ಎಂದು ಖಚಿತವಾದರೆ ಎಲ್ಲರಿಗೂ ಹೇಳಬಹುದಲ್ಲ, ಅದಕ್ಕೇ ತಿಳಿಯಬೇಕು ಎಂದುಕೊಳ್ಳುತ್ತಿದ್ದೆ. ಆದರೆ ಅವಳು ಹೇಳ್ಲಾ ಎಂದ ಆ ಗಳಿಗೆಯಲ್ಲಿ ನನ್ನೊಳಗೆ ಎದ್ದದ್ದು ಆ ಬುಧವಾರ ಗುಡಿಸುವವಳನ್ನು ಬೇರೆ ಕಡೆ ಕಳಿಸಿ ರೂಮಿನೊಳಗೆ ನುಗ್ಗಿದ್ದ ಅದೇ ಚಪಲ. ಒಂದು ಕೂದಲೆಳೆಯೂ ಬೇರೆಯಲ್ಲ.

‘ಬೇಡ ಮಗಾ’ ಎಂದೆ.

‘ಯಾಕೆ ಮಾಮಿ? ನಾನೇ ಹೇಳ್ತೀನಿ ಅಂತಿದ್ದೀನಲ್ಲ.’

‘ನಿನ್ನ ನಂಬಲ್ಲ ಅಂತಲ್ಲ. ಅದನ್ನ ಕೇಳಿ ಒಳಗೆ ಇಟ್ಕೊಳ್ಳೋ ಯೋಗ್ಯತೆ ನನಗೆ ಇನ್ನೂ ಬಂದಿಲ್ಲ.’

ಅವಳು ಎದ್ದು, ಒಗೆದು ಬಂದಿದ್ದ ದುಪ್ಪಟಿಯೊಂದರ ಎರಡು ತುದಿ ಹಿಡಿದಳು. ನಾನು ಇನ್ನೆರಡು ತುದಿ ಹಿಡಿದೆ. ಇಬ್ಬರೂ ಸೇರಿ ಮಡಿಸಿದೆವು. ಅವಳು ಡ್ಯೂಟಿಗೆ ಇಳಿದು ಹೋದಳು. ನಾನು ಬಾಗಿಲವರೆಗೆ ಹೋಗಿ, ಕರೆದು ಕೇಳಿಬಿಡಲೇ ಎಂದು ಬಾಯಿ ತೆರೆದು, ಮುಚ್ಚಿಕೊಂಡೆ.